ಹೆಚ್ಚು ಇಲ್ಲವೇ ಕಡಿಮೆ

ಮೂವತ್ತೊಂದು ಮಳೆಗಾಲ, ಬೆಳಿಗ್ಗೆ ಎಂಟೂವರೆಗೆ
ಕುಮಟೆಯ ಕಚೇರಿಯ ಹಿತ್ತಲಲ್ಲಿ ಕೊಡೆ ಹಿಡಿದು
ಮಳೆಮಾಪಕದ ಬಾಯಿ ತೆಗೆದು
ನೀರನ್ನು ಗಾಜಿಗೆ ಸುರಿದು, ಕಣ್ಣಮಟ್ಟಕ್ಕೆ ಎತ್ತಿ
ಬರೆದವನು ನಾನು: ೯೮.೪. ೧೧೬.೦. ಒಮ್ಮೆ ೨೭೧.
ಅದಕ್ಕೇ ಕರೆದರೇನೋ, ನಿವೃತ್ತನನ್ನು,
ಮೂರೂರು ದಾರಿಯ ಚಿರೇಕಲ್ಲಿನ ಕ್ವಾರಿಗೆ.

ಮಾಸ್ತಿ ಮುಕ್ರಿಯ ಗರಗಸ ನಿಂತಿತ್ತು.
ಕೆಂಪು ಕಲ್ಲು ಮುಗಿದ ಕೆಳಗೆ ಒಂದು ಮೊಳ ಬೇರೆ ಬಣ್ಣ.
‘ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಬ್ಲೇಡು ಹಾಳು’ ಎಂದ.
ಕುಮುದಾ ಬಾಂದೇಕರ ಮಂಡಿಯೂರಿ ಕೂತಿದ್ದಳು,
ಕೈಯಲ್ಲಿ ಹಲ್ಲುಜ್ಜುವ ಬ್ರಶ್ಶು.
‘ಇದು ಯಾವುದೋ ಕಾಲದ ನೆಲ, ನಾಯ್ಕರೆ,
ಹೂತುಹೋದದ್ದು. ನೋಡಿ, ಬೇರು.’

ಬೇರಿರಲಿಲ್ಲ. ಬೇರಿದ್ದ ಕಡೆ ಬೂದು ಗೆರೆ,
ಕವಲೊಡೆದು, ತೆಳುವಾಗಿ, ಎಲ್ಲಿಗೋ ಹೊರಟು ನಿಂತದ್ದು.
ಪಕ್ಕದಲ್ಲಿ ಕಡಲೆಕಾಳಿನಷ್ಟು ಹರಳು.
ಒಂದು ಹನಿ ಆಸಿಡ್ ಬಿಟ್ಟಳು. ನೊರೆಯೆದ್ದಿತು.
ನನಗಿಂತ ಮೊದಲು ಅವಳೇ ಬೆಚ್ಚಿದಳು.

ಸುಣ್ಣ ಹೀಗೆ ನಿಲ್ಲಬೇಕಾದರೆ
ಮಳೆ ಕಡಿಮೆ ಇದ್ದಿರಬೇಕಂತೆ.
ನಮ್ಮಲ್ಲಿ ಗೋಡೆಗೆ ಬಳಿದ ಸುಣ್ಣವೇ
ಶ್ರಾವಣ ಕಾಣುವುದಿಲ್ಲ.

ಮೂರು ತಿಂಗಳ ಮೇಲೆ ಕಾರವಾರದಿಂದ ಫೋನು.
ಇಷ್ಟು ಸುಣ್ಣ ಉಳಿದಿದೆ, ಇಷ್ಟು ಸೋಡಾ ತೊಳೆದುಹೋಗಿದೆ;
ಹೋದದ್ದನ್ನು ಎಣಿಸಿ ಬಂದದ್ದನ್ನು ಹೇಳುವ ಲೆಕ್ಕ.
‘ವರ್ಷಕ್ಕೆ ಒಂಬೈನೂರು ಮಿಲಿಮೀಟರು.
ನೂರೆಂಬತ್ತು ಹೆಚ್ಚು, ಇಲ್ಲವೇ ಕಡಿಮೆ.’
ಒಂಬೈನೂರೆ! ನಮ್ಮ ಜೂನ್ ಒಂದೇ ಸುರಿಯುತ್ತದಲ್ಲ ಅಷ್ಟು.
ನೂರೆಂಬತ್ತು ತಪ್ಪಿದ್ದರೆ
ನನ್ನನ್ನು ಸಸ್ಪೆಂಡ್ ಮಾಡುತ್ತಿದ್ದರು, ಎಂದೆ.
ನಕ್ಕಳು. ‘ಮಣ್ಣು ದಿನಾ ಬರೆಯುವುದಿಲ್ಲ ನಾಯ್ಕರೆ,
ಸಾವಿರ ವರ್ಷಕ್ಕೊಂದು ಸಹಿ.’

ಫೋನಿಟ್ಟ ಮೇಲೆ ನೆನಪಾದದ್ದನ್ನು ಅವಳಿಗೆ ಹೇಳಿಲ್ಲ.
ಎಂಬತ್ತೊಂಬತ್ತರ ಜುಲೈ ಹದಿನೇಳು.
ಎಂಟೂವರೆಗೆ ನಾನು ಹೊನ್ನಾವರದ ಆಸ್ಪತ್ರೆಯ ಬೆಂಚಿನಲ್ಲಿದ್ದೆ,
ಒಳಗೆ ಹೆಂಡತಿ, ತಗಡಿನ ಮೇಲೆ ಮಳೆ,
ಅದು ಎಷ್ಟೆಂದು ಆ ಒಂದು ದಿನ ನನಗೆ ಬೇಕಿರಲಿಲ್ಲ.
ಮಾರನೇ ದಿನ ಬಂದು ನೋಡಿದರೆ
ಎರಡು ದಿನದ ನೀರು ಒಂದೇ ಡಬ್ಬಿಯಲ್ಲಿ:
ಎಂಬತ್ತೈದು ಪಾಯಿಂಟ್ ಎರಡು.
ಅರ್ಧ ಮಾಡಿದೆ. ಒಂದರ ಕೆಳಗೊಂದು ಬರೆದೆ.

ಯಾರೂ ಕೇಳಲಿಲ್ಲ. ಅಂಕಿ ಪುಣೆಗೂ ಹೋಯಿತು,
ಸರಾಸರಿಯಲ್ಲಿ ಕರಗಿತು.

ಮಾಸ್ತಿ ಹೊಸ ಬ್ಲೇಡು ಹಾಕಿದ್ದಾನೆ.
ಆ ಒಂದು ಮೊಳ ಈಗ ಯಾರದೋ ಪಾಯದಲ್ಲಿ.
ನನ್ನ ರಿಜಿಸ್ಟರಿಗೆ ಗೆದ್ದಲು ಹಿಡಿದಿದೆ ಅಂತ ಕೇಳಿದೆ;
ತಿನ್ನಲಿ, ಆದರೆ ಆ ಪುಟ ಸಿಕ್ಕವರು
ನೋಡಿದ ಕೂಡಲೆ ತಿಳಿದಾರು,
೪೨.೬
೪೨.೬
ಇಲ್ಲಿ ಒಬ್ಬ ಇರಲಿಲ್ಲ ಎಂದು.