ಗಾಜಿನ ಹೊರಗೆ

ಎಸಿಹಾ. ಆಂದಲೂಸಿಯಾದ ಬಾಣಲೆ ಎಂದು ಊರವರೇ
ಹೆಮ್ಮೆಯಿಂದಲೋ ಸಿಟ್ಟಿನಿಂದಲೋ ಕರೆದುಕೊಳ್ಳುವ ಊರು.
ಜುಲೈ. ಮಧ್ಯಾಹ್ನ ಮೂರು. ಬೀದಿಯಲ್ಲಿ ನಾಯಿಯೂ ಇಲ್ಲ.
ನಾನು ಏಣಿಯ ಮೇಲೆ, ಕೈಯಲ್ಲಿ ತಾಪಮಾಪಕ;
ಕೆಳಗೆ ದಫ್ತರ ಕಾಯುವ ರೆಮೇದಿಯೋಸ್,
ಯಾವ ಕಾಲದವೋ ಆಲಿವ್ ತೋಟಗಳ ಕ್ರಯಪತ್ರಕ್ಕೆ
ತನ್ನ ಬೀಸಣಿಗೆಯಿಂದಲೇ ಗಾಳಿ ಹಾಕುತ್ತಾಳೆ.

ಕೋಣೆಯೊಳಗೆ ಮೂವತ್ತೇಳು. ಗಾಜಿನ ಮೈ ಐವತ್ತೊಂದು.

ಕಪ್ಪು ಹಾಳೆ ಅಂಟಿಸಿದರೆ ಈ ಮುದಿ ಗಾಜು,
ಹೊಟ್ಟೆಯಲ್ಲಿ ಗುಳ್ಳೆ ಇಟ್ಟುಕೊಂಡದ್ದು, ಕಾದು ಸೀಳೀತು.
ಅಲ್ಯೂಮಿನಿಯಂ ರೆಕ್ಕೆಗೆ ಕಲ್ಲಿನಲ್ಲಿ ಹದಿನಾರು ತೂತು:
ಪುರಸಭೆ ಬೇಡವೆಂದಿತು, ಕಲ್ಲೂ ಬೇಡವೆಂದಿತು.
ಒಳಗಡೆ ಬಿಳಿ ಪರದೆ ಬಿಟ್ಟು ನೋಡಿದೆ, ಚೆಂದವಿತ್ತು.
ಆದರೆ ಗಾಜು ದಾಟಿ ಬಂದ ಬಿಸಿಲು
ಮನೆಯಳಿಯನ ಹಾಗೆ.
ಹಾಸಿದರೂ ಕೂರುತ್ತದೆ, ಹಾಸದಿದ್ದರೂ.
ಹೊಸ್ತಿಲಾಚೆಯೇ ಮಾತಾಡಿಸಿ ಕಳಿಸಬೇಕು ಅದನ್ನು.

ನಾಲ್ಕನೇ ದಿನ ಫೌಸ್ತಿನೋ ಬಂದ,
ಹೆಗಲ ಮೇಲೆ ಎಸ್ಪಾರ್ತೊ ಹುಲ್ಲಿನ ಸುರುಳಿ,
ಹೆಬ್ಬೆರಳ ಉಗುರು ಕತ್ತಿಯಷ್ಟು ದಪ್ಪ.
ನನ್ನ ಅಂಕಿಗಳನ್ನು ಕೇಳಲಿಲ್ಲ.
ಕಿಟಕಿಯ ನೆತ್ತಿಗಲ್ಲಿನ ಮೇಲೆ ಕುರುಡನಂತೆ ಕೈಯಾಡಿಸಿ
ಸುಣ್ಣದ ಪದರ ಕೆರೆದ.
ಎರಡು ಕೊಕ್ಕೆ. ತುಕ್ಕು ಹಿಡಿದಿದ್ದವು,
ಹಗ್ಗ ತಿಕ್ಕಿದ ಕಡೆ ಮಾತ್ರ ಸವೆದು ನುಣುಪು.
ಯಾರೋ ನನ್ನ ವರದಿಯನ್ನು
ನನ್ನ ಮುತ್ತಜ್ಜಿಗೂ ಮೊದಲೇ ಬರೆದು ತೂಗುಹಾಕಿದ್ದರು.

ಬಿಚ್ಚಿದ. ಕೋಣೆಗೆ ಒಣಹುಲ್ಲಿನ ವಾಸನೆ, ಜೇನಿನ ಬಣ್ಣ.
ಬಿಸಿಲು ಹೆಣಿಗೆಗೆ ತಾಗಿ ಪುಡಿಪುಡಿಯಾಗಿ
ನೆಲದ ಮೇಲೆ ಎಳ್ಳು ಚೆಲ್ಲಿದಂತೆ.
ಸಂಜೆ ಐದಕ್ಕೆ ಮೂವತ್ತೊಂದು. ಎರಡು ಸಲ ಅಳೆದೆ.

ನಮೂನೆಯಲ್ಲಿ 'ಬಾಳಿಕೆ' ಎಂಬ ಅಂಕಣ.
"ಎಂಟು ವರ್ಷ" ಎಂದ. "ಆಮೇಲೆ?"
"ಆಮೇಲೆ ಇನ್ನೊಂದು ಹೆಣೆಯೋದು."
ಹಾಗೇ ಬರೆದೆ. ಮೇಲಿನವರು ಏನೆನ್ನುತ್ತಾರೋ ಗೊತ್ತಿಲ್ಲ.

ರೆಮೇದಿಯೋಸ್‌ಗೆ ಮಾತ್ರ ಸಮಾಧಾನವಿಲ್ಲ:
"ತಂಪು ಸರಿಯಪ್ಪಾ, ಬೀದಿಯಲ್ಲಿ ಯಾರು ಹೋದರು,
ಯಾರ ಜೊತೆ ಹೋದರು, ನನಗೆ ತಿಳಿಯೋದು ಹೇಗೆ?"
ಫೌಸ್ತಿನೋ ನಗಲಿಲ್ಲ. ಚಾಪೆಯ ತುದಿ ಎತ್ತಿ
ಬಾಲ್ಕನಿಯ ಕಂಬಿಯ ಆಚೆಗೆ ಇಳಿಬಿಟ್ಟ.
ಕಂಬಿಯ ಕೆಳಗೆ, ಸರಳಿನ ನಡುವೆ ಗಾಳಿ ನುಗ್ಗಿತು,
ಗಾಳಿಯ ಜೊತೆಗೆ ಒಂದು ಗೇಣು ಬೀದಿ.

ಆಕೆ ಕುರ್ಚಿ ಎಳೆದುಕೊಂಡಳು.
"ಔಷಧಿ ಅಂಗಡಿಯವಳು," ಎಂದಳು, ಚಪ್ಪಲಿ ನೋಡಿ.
ಸ್ವಲ್ಪ ಹೊತ್ತಿಗೆ,
"ಈ ಬೂಟು ಯಾರದ್ದು?"