ಹದಿನಾಲ್ಕೂವರೆ ಗಂಟೆ

ಸಾರೆಮಾ ದ್ವೀಪ, ದೋಣಿ ಕಂಪನಿಯ ನೆಲಮಾಳಿಗೆ.
ಎರಡು ಸರ್ವರು, ಇಬ್ಬರಿಗೂ ಒಂದೇ ಉಗ್ರಾಣ;
ಓರಗಿತ್ತಿಯರಿಗೆ ಒಂದೇ ಒಲೆ ಕೊಟ್ಟ ಹಾಗೆ.
ಒಬ್ಬಳು ಸೌಟು ಹಿಡಿದರೆ ಇನ್ನೊಬ್ಬಳು ಕೈಕಟ್ಟಿ ಕೂರಬೇಕು,
ಅವಳು ಬಿದ್ದರೆ ಮಾತ್ರ ಇವಳು ಏಳಬೇಕು.
ಅದಕ್ಕೇ ನಡುವೆ ಒಂದು ನೀಲಿ ಕೇಬಲ್ಲು:
ಇದ್ದೀಯಾ? ಇದ್ದೇನೆ. ಇದ್ದೀಯಾ? ಇದ್ದೇನೆ.
ಸೆಕೆಂಡಿಗೊಮ್ಮೆ, ವರ್ಷಾನುಗಟ್ಟಲೆ,
ಬೇರೆ ಮಾತೇ ಇಲ್ಲ.

ಫೆಬ್ರವರಿಯ ಮಂಗಳವಾರ, ಸಂಜೆ ನಾಲ್ಕು ನಲವತ್ತು.
ಹೊರಗೆ ಸಮುದ್ರ ಕಲ್ಲಾಗಿತ್ತು.
ಹೀಟರಿಗೆ ಜಾಗ ಮಾಡಲು ಎಲೆಕ್ಟ್ರಿಷಿಯನ್ ವಿಲ್ಲು
ಆ ನೀಲಿ ಎಳೆಯನ್ನು ಕಿತ್ತು ಪಕ್ಕಕ್ಕಿಟ್ಟ,
ತಟ್ಟೆಯಿಂದ ಕರಿಬೇವು ಎತ್ತಿಡುವಷ್ಟು ಸಲೀಸಾಗಿ.

ಉತ್ತರ ಬರಲಿಲ್ಲ. ಸತ್ತಳು ಅಂದುಕೊಂಡಳು ಇವಳು.
ಸತ್ತಳು ಅಂದುಕೊಂಡಳು ಅವಳೂ.
ಇಬ್ಬರೂ ಎದ್ದರು, ಒಂದೇ ಪಾತ್ರೆಗೆ ಸೌಟು ಹಾಕಿದರು,
ಒಬ್ಬಳು ಬರೆದಲ್ಲೇ ಇನ್ನೊಬ್ಬಳು ಬರೆದಳು.
ಐದು ನಿಮಿಷ ಸಾಕಾಯಿತು.
ಇನ್ನೂರ ಹನ್ನೆರಡು ಜನರ ಮೇಲ್‌ಬಾಕ್ಸು
ಕಲಸುಮೇಲೋಗರ.

ಬಂದ, ಹೋದ ಪ್ರತಿ ಪತ್ರವನ್ನೂ
ಸಾಲಾಗಿ ಬರೆದಿಡುವ ಕಡತ ಒಂದಿರುತ್ತದೆ.
ಹಳೆಯ ಪ್ರತಿಯ ಮೇಲೆ ಅದನ್ನು ಮತ್ತೆ ಓಡಿಸಿದರೆ
ಕಳೆದ ಗಂಟೆಗಳೂ ಮರಳುತ್ತವೆ.
ಅದನ್ನೂ ಅದೇ ಉಗ್ರಾಣದಲ್ಲಿ ಇಟ್ಟಿದ್ದೆ.
ನಾನೇ. ಮೂರು ವರ್ಷದ ಹಿಂದೆ. ಜಾಗ ಉಳಿಯಲಿ ಅಂತ.
ಬೀಗದ ಕೈ ಒಳಗೇ ಬಿಟ್ಟು ಬಾಗಿಲೆಳೆದುಕೊಂಡವಳು
ಯಾರನ್ನು ಬೈಯಲಿ?

ಉಳಿದದ್ದು ಬೆಳಗಿನ ಜಾವ ಎರಡು ಹತ್ತರ ಟೇಪು,
ರಸ್ತೆಯಾಚೆ ಅಗ್ನಿಶಾಮಕ ಠಾಣೆಯ ಕಬ್ಬಿಣದ ಬೀರುವಿನಲ್ಲಿ.
ಹಿಮದಲ್ಲಿ ನಡೆದು ತಂದೆ.
ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದ ಟೇಪು
ಬೆವರುತ್ತದೆ, ಆಗ ಓಡಿಸಬಾರದು.
ಎರಡು ಗಂಟೆ ಸುಮ್ಮನೆ ಕೂತೆವು,
ನಾನೂ ಅದೂ.

ಆಮೇಲೆ ರಾತ್ರಿಯಿಡೀ ಹಸಿರು ಗೆರೆ ತೆವಳಿತು.
ಶೇಕಡಾ ಅರವತ್ತೊಂದರಲ್ಲಿ ಐವತ್ತು ನಿಮಿಷ ನಿಂತಿತು,
ನನಗೆ ಗೊತ್ತಿದ್ದ ಒಂದೇ ಪ್ರಾರ್ಥನೆ
ಅರ್ಧಕ್ಕೇ ಮರೆತುಹೋಯಿತು.
ಬೆಳಿಗ್ಗೆ ಆರಕ್ಕೆ ಎಲ್ಲ ಮರಳಿತ್ತು,
ಮಂಗಳವಾರ ಎರಡು ಹತ್ತರವರೆಗಿನ ಎಲ್ಲ.
ಆಮೇಲಿನ ಹದಿನಾಲ್ಕೂವರೆ ಗಂಟೆ
ಈ ಕಂಪನಿಯಲ್ಲಿ ನಡೆಯಲೇ ಇಲ್ಲ.

ಏಳಕ್ಕೆ ಹೈನೊ ಮೆಟ್ಟಿಲಿಳಿದು ಬಂದ,
ಇಪ್ಪತ್ತಾರು ವರ್ಷದಿಂದ ಡೆಕ್ಕಿನಲ್ಲಿರುವವ.
ಟೋಪಿ ಕೈಯಲ್ಲಿ.
ನಿನ್ನೆಯದು ಪೂರ್ತಿ ಹೋಯಿತೇ, ಉರ್ವೆ?
ಹೋಯಿತು ಅಂದೆ. ತಪ್ಪು ನನ್ನದು ಅಂದೆ.
ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿ
ಕಾಫಿ ತರಲೇ ಎಂದು ಕೇಳಿದ.
ಅವನ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು.

ಎಂಟೂವರೆಗೆ ಮ್ಯಾನೇಜರ್ ಮೈರೆ, ಕೋಟೂ ಬಿಚ್ಚದೆ:
ನಾವು ಆಗಲೇ ಓದಿದ್ದವೂ ಹೋದವೇ?
ಓದಿದ್ದೂ ಹೋಯಿತು, ಓದದ್ದೂ ಹೋಯಿತು.
ಸರಿ, ಅಂದರು. ಇನ್ನೇನೋ ಇದೆ ಎಂಬಂತೆ ನಿಂತರು.
ಏನೂ ಇರಲಿಲ್ಲ. ಹೋದರು.

ಬಾಗಿಲು ಕಾಯುವ ಯಂತ್ರ ಬೇರೆಯೇ ಇದೆ,
ದಾಟಿದವರ ಹೆಸರು ಬರೆದುಕೊಳ್ಳುತ್ತದೆ, ಒಡಲನ್ನಲ್ಲ.
ಅಲ್ಲಿ ಒಂದು ಸಾಲು:
ಹನ್ನೊಂದು ಆರು. ಹೈನೊನ ಫೋನಿನಿಂದ ಮೈರೆಗೆ. ಎರಡು ಕಿಲೋಬೈಟು.
ಬೈಗುಳಕ್ಕೆ ಇದು ಹೆಚ್ಚು, ರಜೆ ಕೇಳಲೂ ಹೆಚ್ಚು.
ರಾಜೀನಾಮೆಗೆ ಹಿಡಿಸಬಹುದು.
ಬೇರೆ ಏನೇನೋ ಹಿಡಿಸಬಹುದು.
ಮೂವತ್ತು ದಿನಕ್ಕೆ ಆ ಸಾಲೂ ತಾನಾಗಿ ಅಳಿಯುತ್ತದೆ.

ವರದಿಯಲ್ಲಿ ಕಳೆದದ್ದೇನು ಎಂಬ ಕಲಮಿಗೆ
ಗಂಟೆಗಳನ್ನಷ್ಟೇ ತುಂಬಿದೆ.
ಹತ್ತರ ದೋಣಿ ಮಂಜುಗಡ್ಡೆ ಸೀಳುತ್ತ ಹೊರಟಿತು,
ಹೈನೊ ಹಗ್ಗ ಸುತ್ತುತ್ತಿದ್ದ,
ಮೇಲಿನ ಕಿಟಕಿಯ ಪರದೆ ಸರಿದಿತ್ತು.

ನೀಲಿ ಕೇಬಲ್ಲಿಗೆ ಕೆಂಪು ಚೀಟಿ ಅಂಟಿಸಿದೆ, ಮುಟ್ಟಬೇಡಿ ಎಂದು.
ಕಡತವನ್ನು ಬೇರೆ ಡಿಸ್ಕಿಗೆ ಸಾಗಿಸುವ ಕೆಲಸವನ್ನೂ
ಅಂದೇ ಮುಗಿಸಬೇಕಿತ್ತು.
ಗುರುವಾರಕ್ಕೆ ಹಾಕಿಕೊಂಡೆ.