ಬಟವಾಡೆ ಬಾಕಿ

ಜನವರಿ. ಐಕ್ಯತಾ ವಾರ. ಸಕಲೇಶಪುರದಲ್ಲಿ
ಮೂರು ಸಭೆಯವರು ಒಂದೇ ಬೆಂಚಿನಲ್ಲಿ,
ನಡುನಡುವೆ ಒಂದು ಗೇಣು ಬಿಟ್ಟು.
'ಪರಲೋಕ' ಅನ್ನೋಣವೇ, 'ಸ್ವರ್ಗ' ಅನ್ನೋಣವೇ
ಎಂದು ಫಾದರ್ ಲೀನಸ್, ನಮ್ಮ ಸತ್ಯಮಿತ್ರ ಅಯ್ಯನವರು
ನಗುನಗುತ್ತಲೇ ಜಗ್ಗಾಡಿದರು.
ಕಾಫಿ ಆರಿತು.

ಹಿಂಬಾಗಿಲಲ್ಲಿ ನಿಂತವಳು ಸುಗನಿ ಟೊಪ್ಪೊ,
ಜಾರ್ಖಂಡಿನವಳು, ಉಗುರಲ್ಲಿ ಹಣ್ಣಿನ ಅಂಟು.
ಆರು ವಾರದಿಂದ ಬಟವಾಡೆಯಿಲ್ಲ.
ಆಧಾರ್ ಕಾರ್ಡು ರೈಟರನ ಡ್ರಾಯರಿನಲ್ಲಿ.
ಕೂಲಿ ಕೇಳಿದ ಗಂಡನಿಗೆ
ಬಲಗಿವಿ ಈಗ ಕೇಳಿಸದು.

ಯಾವ ತೋಟ? ಅಂದರು ಯಾರೋ.
ಹೇಳಿದಳು.
ಎಲ್ಲರೂ ನೆಲ ನೋಡಿದೆವು.
ನಮ್ಮ ಗಂಟೆ ಕೊಡಿಸಿದ್ದು ಆ ಸಾಹುಕಾರರ ತಂದೆ,
ಕಂಚಿನಲ್ಲೇ ಹೆಸರು ಕೊರೆದಿದೆ.
ಹಗ್ಗ ಎಳೆಯುವವನು ನಾನು.

ಮೊದಲು ಎದ್ದದ್ದು ಪೆಂತೆಕೋಸ್ತಿನ ಟೈಲರ್ ದೀನಮ್ಮ:
"ನಮ್ಮದು ಬಾಡಿಗೆ ಹಾಲು, ಗಂಟೆಯೇ ಇಲ್ಲ.
ನನಗೇನು ಹೆದರಿಕೆ?
ಜೀಪು ತನ್ನಿ."

ಒಂದು ಜೀಪು, ಹನ್ನೊಂದು ಜನ.
ಗೇಣು ಬಿಡಲು ಜಾಗವಿರಲಿಲ್ಲ.

ಗೇಟಿನಲ್ಲಿ ನಾಯಿ, ಆಮೇಲೆ ರೈಟರ್,
ಆಮೇಲೆ ಸಾಹುಕಾರರೇ.
"ನೀನೂನಾ, ಜಯಶೀಲ?"
ಕಟ್ಟಿಕೊಂಡು ಬಂದ ಮಾತೆಲ್ಲ ಗಂಟಲಲ್ಲೇ ಒಣಗಿತು.
"ಅವರ ಕಾರ್ಡು ಕೊಡಿ, ಸ್ವಾಮಿ. ಕೂಲಿ ಕೊಡಿ."
ಅಷ್ಟೇ ಬಂತು.

ಕಾರ್ಡು ಸಿಕ್ಕಿತು. ನಾಲ್ಕು ವಾರದ್ದು ಸಿಕ್ಕಿತು.
ಎರಡು ಬಾಕಿ. ಶನಿವಾರ ಮತ್ತೆ ಹೋಗಬೇಕು.
ಪರಲೋಕವೋ ಸ್ವರ್ಗವೋ,
ಅದೂ ಬಾಕಿ.